ಸಾರಾಯಿ ಅಂಗಡಿಯ ಚರಿತ್ರೆ: ಉಳಿದಿರುವುದನ್ನು ಉಳಿಸಿಕೊಳ್ಳುವ ಕೆಲಸ

(ಹಾಸನದಲ್ಲಿ ಸ್ಥಳೀಯ ಇತಿಹಾಸದ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಅಂದು ಸಂಜೆಯವರೆಗೆ ಪ್ಯಾಕೆಟ್ ಕೊಟ್ಟ ಕಿಟಕಿಗಳು ಮಾರನೆಯ ಬೆಳಿಗ್ಗೆ ತೆರೆಯಲಿಲ್ಲ. ಆಮೇಲೆ ಆ ಕಟ್ಟಡಗಳು ಗೊಬ್ಬರದ ಗೋದಾಮೋ ಸೈಕಲ್ ಶಾಪೋ ಕೋಳಿ ಅಂಗಡಿಯೋ ಆದವು. ಕೆಲವು ಬಿದ್ದೇಹೋದವು. ಆಗ ನಲವತ್ತರ ಹರೆಯದಲ್ಲಿ ಗಲ್ಲಾದ ಮೇಲೆ ಕೂತಿದ್ದವರಿಗೆ ಈಗ ಅರವತ್ತರ ಮೇಲಾಗಿದೆ. ಅದಕ್ಕೂ ಹಿಂದಿನ ಹೆಂಡದಂಗಡಿ ಕಂಡವರು ಇನ್ನೂ ಕಡಿಮೆ.

ಅಂಗಡಿ ಮುಚ್ಚಿದ್ದು ಸರಿಯೇ ತಪ್ಪೇ ಎಂಬುದು ಇವತ್ತಿನ ವಿಷಯವಲ್ಲ. ಒಂದೂರಿನ ಕೂಲಿಕಾರರು, ಗಾಡಿ ಹೊಡೆಯುವವರು, ಎಸ್ಟೇಟಿನ ಆಳುಗಳು ಐವತ್ತು ಅರವತ್ತು ವರ್ಷ ಸಂಜೆಹೊತ್ತು ಕೂಡುತ್ತಿದ್ದ ಜಾಗ ಅದು. ಕೂಲಿ ಎಷ್ಟಾಗಿದೆ, ಯಾವ ತೋಟಕ್ಕೆ ಆಳು ಬೇಕು, ಯಾರ ಜಮೀನು ಮಾರಾಟಕ್ಕಿದೆ ಎಂಬ ಸುದ್ದಿಯೆಲ್ಲ ಅಲ್ಲಿ ಕೈ ಬದಲಾಗುತ್ತಿತ್ತು. ಎಷ್ಟೋ ಮನೆಗಳ ಸಂಸಾರ ಹಾಳಾದದ್ದೂ ಅಲ್ಲಿಂದಲೇ. ಇವೆರಡನ್ನೂ ಒಟ್ಟಿಗೇ ದಾಖಲಿಸಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಅದು ಚರಿತ್ರೆ ಆಗುವುದಿಲ್ಲ.

ಸಕಲೇಶಪುರದ ಮಂಜರಾಬಾದ್ ಕ್ಲಬ್, ಚಿಕ್ಕಮಗಳೂರಿನ ಕಡೂರು ಕ್ಲಬ್ ಎಲ್ಲರಿಗೂ ಗೊತ್ತು. ಪ್ಲಾಂಟರುಗಳು ಸೇರಿ ಕುಡಿಯುತ್ತಿದ್ದ, ಆಡುತ್ತಿದ್ದ ಜಾಗಗಳು. ಇಂಥ ಕ್ಲಬ್ಬಿಗೆ ಸದಸ್ಯರ ಪಟ್ಟಿ ಇರುತ್ತದೆ, ಸಭೆಯ ನಡಾವಳಿ ಇರುತ್ತದೆ, ಗೋಡೆಯ ಮೇಲೆ ಹಳೆಯ ಅಧ್ಯಕ್ಷರ ಫೋಟೋ ಇರುತ್ತದೆ. ಆ ಪ್ಲಾಂಟರ ತೋಟದಲ್ಲೇ ದುಡಿದವರು ಬಟವಾಡೆ ದಿನ ಹೋಗುತ್ತಿದ್ದ ಅಂಗಡಿಗೆ ಇದ್ಯಾವುದೂ ಇಲ್ಲ. ಇಂಗ್ಲೆಂಡಿನಲ್ಲಿ ಮದ್ಯದಂಗಡಿ ನಡೆಸಲು ನ್ಯಾಯಾಧಿಕಾರಿಗಳ ಪರವಾನಗಿ ಬೇಕೆಂಬ ಕಾನೂನು 1552ರಲ್ಲೇ ಬಂತು. ಅಲ್ಲಿನ ಪಬ್ಬುಗಳ ಚರಿತ್ರೆ ಬರೆಯುವವರು ಮೊದಲು ಕೈಹಾಕುವುದೇ ಆ ಪರವಾನಗಿ ಪುಸ್ತಕಗಳಿಗೆ. ಅಲ್ಲಿ ಪಬ್ಬು ಊರಿನ ಹೆಮ್ಮೆಯೂ ಹೌದು, ಅದಕ್ಕೊಂದು ಹೆಸರು, ಒಂದು ಬೋರ್ಡು ಇರುತ್ತದೆ. ನಮ್ಮಲ್ಲಿ ಹಾಗಲ್ಲ. ಅಂಗಡಿ ನಡೆಸಿದವರ ಮಕ್ಕಳು ಲೆಕ್ಕದ ಪುಸ್ತಕವನ್ನು ಒಲೆಗೆ ಹಾಕುತ್ತಾರೆ, ಕುಡಿದವರ ಮಕ್ಕಳು ಆ ಮಾತನ್ನೇ ಎತ್ತುವುದಿಲ್ಲ. ಗೆದ್ದಲು ಬರುವ ಮೊದಲೇ ನಾಚಿಕೆ ಈ ದಾಖಲೆಗಳನ್ನು ಮುಗಿಸುತ್ತಿದೆ. ಹಾಗಾಗಿ ಮನೆಯವರ ನಂಬಿಕೆ ಗಳಿಸುವುದು ಮೊದಲ ಕೆಲಸ, ಸ್ಕ್ಯಾನರ್ ಆಮೇಲಿನದು.

ಇನ್ನು, ಅಂಗಡಿ ಅಂದರೆ ಯಾವ ಅಂಗಡಿ? ಬೇರೆ ಬೇರೆ ಬಗೆಗಳನ್ನು ಕಲಸಿಬಿಟ್ಟರೆ ಮುಂದಿನ ಕೆಲಸವೆಲ್ಲ ಗೋಜಲಾಗುತ್ತದೆ. ಹೆಂಡದಂಗಡಿ ಮರವನ್ನು ನಂಬಿದ್ದು. ಬಯಲುಸೀಮೆಯ ಕಡೆ ಈಚಲು, ಅರಸೀಕೆರೆ ಸುತ್ತ ತೆಂಗು, ಮಲೆನಾಡಿನಲ್ಲಿ ಬಗನಿ ಮರ. ಇಳಿಸಿದ ರಸ ಗಂಟೆಗಳಲ್ಲೇ ಹುಳಿಯಾಗತೊಡಗುತ್ತದೆ, ದೂರಕ್ಕೆ ಸಾಗಿಸಲು ಆಗುವುದಿಲ್ಲ. ಅದಕ್ಕೇ ಹೆಂಡದಂಗಡಿ ಇದ್ದ ಕಡೆ ಹತ್ತಿರದಲ್ಲೇ ಮರಗಳೂ, ಮರ ಹತ್ತುವ ಈಡಿಗರ ಮನೆಗಳೂ ಇರುತ್ತವೆ. ಹಳೆಯ ಕಂದಾಯ ದಾಖಲೆಗಳಲ್ಲಿ ‘ಸೇಂದಿವನ’, ಅಂದರೆ ಹೆಂಡ ಇಳಿಸುವ ಮರಗಳ ತೋಪು, ಎಂದು ಬರೆದ ಸರ್ವೆ ನಂಬರು ಸಿಕ್ಕಿದರೆ ಅದರ ಆಸುಪಾಸಿನಲ್ಲಿ ಅಂಗಡಿಯ ಜಾಗ ಹುಡುಕಿ. ಸಾರಾಯಿ ಅಂಗಡಿಗೆ ಮರದ ಹಂಗಿಲ್ಲ. ಅದರ ಚಿಲ್ಲರೆ ಮಾರಾಟದ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಕಂಟ್ರಾಕ್ಟರು ಹಲವು ಅಂಗಡಿಗಳನ್ನು ಒಟ್ಟಾಗಿ ಹಿಡಿದು ಆಳುಗಳಿಂದ ನಡೆಸುತ್ತಿದ್ದರು. ಹಾಗಾಗಿ ಸಾರಾಯಿ ಅಂಗಡಿಯ ‘ಮಾಲೀಕ’ ಯಾರು ಎಂದು ಕೇಳಿದರೆ ಮೂರು ಹೆಸರು ಬರುತ್ತವೆ: ಕಟ್ಟಡದ ಯಜಮಾನ, ಗುತ್ತಿಗೆ ಹಿಡಿದವನು, ಗಲ್ಲಾದಲ್ಲಿ ಕೂತವನು. ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಬಾರು, ವೈನ್ ಸ್ಟೋರುಗಳು ಮೂರನೆಯ ಬಗೆ. ಇವುಗಳ ಪರವಾನಗಿಯ ಸಂಕೇತಗಳು 1968ರ ನಿಯಮಗಳಿಂದ ಬಂದವು. ಸಿಎಲ್-2 ಎಂದರೆ ಕೊಂಡುಹೋಗುವ ಅಂಗಡಿ, ಸಿಎಲ್-4 ಕ್ಲಬ್ಬು, ಸಿಎಲ್-7 ವಸತಿ ಇರುವ ಹೋಟೆಲು, ಸಿಎಲ್-9 ಕೂತು ಕುಡಿಯುವ ಬಾರು. ಹಳೆಯ ಬೋರ್ಡಿನ ಮೂಲೆಯಲ್ಲಿ ಈ ಸಂಕೇತ ಕಂಡರೆ ಅಲ್ಲಿ ಬೆಂಚು ಇತ್ತೋ ಇಲ್ಲವೋ ಎಂದು ಅಂದಾಜು ಮಾಡಬಹುದು. ಅಂದಾಜು ಮಾತ್ರ: ಸಿಎಲ್-2 ಅಂಗಡಿಯ ಪಕ್ಕದ ಸಂದಿಯಲ್ಲಿ ನಿಂತು ಕುಡಿದವರನ್ನು ಪರವಾನಗಿ ಹೇಳುವುದಿಲ್ಲ.

ಸರ್ಕಾರಿ ಕಾಗದ ಹುಡುಕುವವರಿಗೆ ಮೊದಲ ಎಚ್ಚರಿಕೆ ಹೆಸರಿನದು. ಈಗಿನ ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ. ಚಿಕ್ಕಮಗಳೂರು ಪಟ್ಟಣದ ಕ್ಲಬ್ಬಿಗೆ ಕಡೂರಿನ ಹೆಸರು ಬಂದದ್ದೂ ಹೀಗೇ. ಸಕಲೇಶಪುರ ತಾಲ್ಲೂಕು ಹಳೆಯ ಕಡತಗಳಲ್ಲಿ ಮಂಜರಾಬಾದ್. ಈಗಿನ ಹೆಸರು ಕೊಟ್ಟು ಸೂಚಿ ನೋಡಿದರೆ ಏನೂ ಸಿಗದೆ ವಾಪಸ್ಸು ಬರುತ್ತೀರಿ. ಇಲಾಖೆಯನ್ನೂ ‘ಅಬಕಾರಿ’, ‘ಎಕ್ಸೈಜ್’ ಎರಡರಲ್ಲೂ, ಇಂಗ್ಲಿಷಿನ ಎರಡು ಮೂರು ಕಾಗುಣಿತದಲ್ಲೂ ಹುಡುಕಬೇಕು. ಮೈಸೂರು ಸಂಸ್ಥಾನದ ಕಾಲದ ಕಡತಗಳಿಗೆ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಿ. ಆಮೇಲಿನವು ಜಿಲ್ಲಾ ಅಬಕಾರಿ ಕಚೇರಿ ಮತ್ತು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇದ್ದರೆ ಇವೆ.

‘ಇದ್ದರೆ’ ಎನ್ನಲು ಕಾರಣವಿದೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮುಗಿದ ಕಡತಕ್ಕೆ ಒಂದು ವರ್ಗ ಕೊಡುತ್ತಾರೆ. ‘ಎ’ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10 ವರ್ಷ, ‘ಡಿ’ 5 ವರ್ಷ. 2007ರಲ್ಲಿ ಮುಗಿದ ಕಡತ ‘ಸಿ’ ಆಗಿದ್ದರೆ 2017ಕ್ಕೇ ಅದರ ಅವಧಿ ತೀರಿದೆ. ‘ಬಿ’ ಆಗಿದ್ದರೆ 2037ರವರೆಗೆ ಕಾಲವಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಆದರೆ ‘ಸಾರಾಯಿ ಅಂಗಡಿಗಳ ಇತಿಹಾಸ ಕೊಡಿ’ ಎಂದು ಬರೆದರೆ ಹಿಂಬರಹವಷ್ಟೇ ಬರುತ್ತದೆ. ಒಂದು ತಾಲ್ಲೂಕು, ಒಂದು ಅಬಕಾರಿ ವರ್ಷ, ಒಂದು ದಾಖಲೆ, ಹೀಗೆ ಕೇಳಬೇಕು: ‘2005–06ನೇ ಸಾಲಿನಲ್ಲಿ ಆಲೂರು ತಾಲ್ಲೂಕಿನಲ್ಲಿ ಇದ್ದ ಸಾರಾಯಿ ಅಂಗಡಿಗಳ ಪಟ್ಟಿ, ಅಂಗಡಿ ಇದ್ದ ಗ್ರಾಮದ ಹೆಸರು ಸಹಿತ.’ ವರ್ಷವನ್ನು ಜುಲೈಯಿಂದ ಜೂನ್ ಎಂದೇ ಬರೆಯಿರಿ. ಏಪ್ರಿಲ್–ಮಾರ್ಚ್ ಲೆಕ್ಕದಲ್ಲಿ ಕೇಳಿದರೆ ಎರಡು ಗುತ್ತಿಗೆಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಕಡತ ನಾಶವಾಗಿದೆ ಎಂದು ಉತ್ತರ ಬಂದರೆ, ನಾಶಪಡಿಸಿದ ಕಡತಗಳ ಪಟ್ಟಿಯ ಪ್ರತಿ ಕೇಳಿ. ಅಂಗಡಿ ಇದ್ದ ಊರಿನ ಹೆಸರು ಆ ಪಟ್ಟಿಯಲ್ಲೇ ಸಿಕ್ಕಿಬಿಡಬಹುದು.

ಹೆದ್ದಾರಿ ಬದಿಯ ಬಾರುಗಳಿಗೆ ಇನ್ನೊಂದು ಗಡಿರೇಖೆ ಇದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿತು. ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದನ್ನು ಆಮೇಲೆ 220 ಮೀಟರಿಗೆ ಇಳಿಸಿತು. ಹಾಸನ–ಸಕಲೇಶಪುರ ಹೆದ್ದಾರಿಯಂಥ ಕಡೆ ಬಾರಿನ ಈಗಿನ ಜಾಗ ನೋಡಿ ‘ಇದು ಮೊದಲಿಂದ ಇಲ್ಲೇ’ ಎಂದು ಬರೆದುಬಿಡಬೇಡಿ. 2017ರ ಮುಂಚೆ ಎಲ್ಲಿತ್ತು ಎಂದು ಕೇಳಿ.

ಈಗ ಮಾತಿನ ದಾಖಲೆಗೆ ಬರೋಣ. ಈ ಕೆಲಸದ ತಿರುಳು ಇದೇ.

ಮೊದಲು ಹೊತ್ತು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಹೋಗಿ, ಅವರ ಮನೆಯಲ್ಲೇ ಕೂರಿ. ಸಂಜೆ ಬಾರಿನಲ್ಲಿ ಕೂತು ರೆಕಾರ್ಡ್ ಮಾಡುವುದು ತಪ್ಪು. ಕುಡಿದಿದ್ದವರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಮರುದಿನ ಅವರು ಬೇಡ ಎನ್ನುತ್ತಾರೆ, ಬೇಡ ಎನ್ನುವ ಹಕ್ಕೂ ಅವರಿಗಿದೆ. ಇನ್ನು ಜಾಗ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮನೆಯಲ್ಲಿ ರೆಕಾರ್ಡಿಂಗ್ ಇಟ್ಟುಕೊಳ್ಳಬೇಡಿ, ಮಳೆಯ ಸದ್ದಿನಲ್ಲಿ ಮಾತು ಮುಳುಗುತ್ತದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ ಎದುರಿಗೆ ಕೂತಾಗ ಕಿವಿಗೆ ಬೀಳುವುದಿಲ್ಲ, ಆಮೇಲೆ ಹೆಡ್‌ಫೋನಿನಲ್ಲಿ ಪೂರ್ತಿ ಕೇಳುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಹಾಕಿ. ವೇವ್ ಫೈಲಾಗಿ 48 ಕಿಲೋಹರ್ಟ್ಸ್, 24 ಬಿಟ್, ಮೊನೊದಲ್ಲಿ ಉಳಿಸಿದರೆ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಅಷ್ಟು ಜಾಗ ಫೋನಿನಲ್ಲಿ ಇದೆಯೇ ಎಂದು ಹೋಗುವ ಮೊದಲೇ ನೋಡಿಕೊಳ್ಳಿ. ವಾಟ್ಸಾಪಿನ ಧ್ವನಿ ಸಂದೇಶವಾಗಿ ಕಳಿಸಿ ಅದನ್ನೇ ಮೂಲ ಎಂದು ಇಟ್ಟುಕೊಂಡರೆ ಹಿಸುಕಿದ ಧ್ವನಿಯಷ್ಟೇ ಉಳಿಯುತ್ತದೆ, ದಿನಾಂಕವೂ ಗಲಿಬಿಲಿಯಾಗುತ್ತದೆ.

‘ಯಾವ ಇಸವಿ?’ ಎಂದು ಕೇಳಬೇಡಿ. ಗೊತ್ತಿಲ್ಲ ಎನ್ನುತ್ತಾರೆ, ಇಲ್ಲವೇ ನಿಮ್ಮ ಸಮಾಧಾನಕ್ಕೆ ಒಂದು ಇಸವಿ ಹೇಳುತ್ತಾರೆ. ಎರಡನೆಯದು ಹೆಚ್ಚು ಅಪಾಯ. ‘ಮೊದಲೋ ಆಮೇಲೋ’ ಎಂದು ಕೇಳಿ. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತಾಗ, ಅಂದರೆ 1978ರಲ್ಲಿ, ಈ ಅಂಗಡಿ ಇತ್ತೇ? ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದಾಗ, 1979ರಲ್ಲಿ? ದೇವೇಗೌಡರು ಪ್ರಧಾನಿಯಾದಾಗ, 1996ರಲ್ಲಿ? ಇಂಥ ನಾಲ್ಕು ಗೂಟ ಹೊಡೆದುಕೊಂಡರೆ ಒಂದು ಅಂಗಡಿಯ ಆಯುಸ್ಸು ಐದಾರು ವರ್ಷದ ಅಂತರದೊಳಗೆ ನಿಲ್ಲುತ್ತದೆ. ಗುತ್ತಿಗೆ ಬದಲಾಗುತ್ತಿದ್ದುದರಿಂದ ಹಿರಿಯರು ‘ಇಂಥ ಕಂಟ್ರಾಕ್ಟರ ಕಾಲ’ ಎಂದೇ ಹೇಳುತ್ತಾರೆ. ಅದನ್ನೂ ಹಾಗೇ ಬರೆದುಕೊಳ್ಳಿ, ಗುತ್ತಿಗೆಯ ಕಾಗದ ಸಿಕ್ಕ ದಿನ ಇಸವಿ ತಾನೇ ಬಂದು ಕೂರುತ್ತದೆ.

ಕೇಳಬೇಕಾದದ್ದು ತುಂಬ ಇದೆ, ಆದರೆ ಕೆಲವನ್ನು ಬಿಡಲೇಬಾರದು. ಯಾರು ಬೆಂಚಿನ ಮೇಲೆ ಕೂರುತ್ತಿದ್ದರು, ಯಾರು ನೆಲದಲ್ಲಿ, ಯಾರು ಹಿಂಬಾಗಿಲಲ್ಲಿ? ದಲಿತರಿಗೆ ಬೇರೆ ಲೋಟವೇ, ತೆಂಗಿನ ಚಿಪ್ಪೇ? ಪ್ಯಾಕೆಟ್ ಬಂದ ಮೇಲೆ ಈ ಭೇದ ಏನಾಯಿತು? ಪ್ಯಾಕೆಟ್ಟಿಗೆ ಲೋಟವೇ ಬೇಡ, ಹಲ್ಲಿನಲ್ಲಿ ಮೂಲೆ ಕಚ್ಚಿ ಹರಿದರೆ ಮುಗಿಯಿತು. ಒಂದು ಪ್ಲಾಸ್ಟಿಕ್ ಚೀಲ ಜಾತಿಯ ನಡವಳಿಕೆಯನ್ನು ಎಷ್ಟು ಬದಲಿಸಿತು, ಎಷ್ಟು ಬದಲಿಸಲಿಲ್ಲ ಎಂಬುದು ನಮ್ಮ ಸಾಮಾಜಿಕ ಚರಿತ್ರೆಯ ದೊಡ್ಡ ಪ್ರಶ್ನೆ. ಉತ್ತರ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಹಾಗೆಯೇ ಉದ್ರಿ: ಯಾರಿಗೆ ಕೊಡುತ್ತಿದ್ದರು, ಬಟವಾಡೆ ದಿನ ಹೇಗೆ ವಸೂಲಿ ಮಾಡುತ್ತಿದ್ದರು, ಮೇಸ್ತ್ರಿಯ ಪಾಲೆಷ್ಟು? ಕಾಫಿ ಕುಯ್ಲಿನ ತಿಂಗಳಲ್ಲಿ ವ್ಯಾಪಾರ ಎಷ್ಟೇರುತ್ತಿತ್ತು, ಆಷಾಢದ ಮಳೆಯಲ್ಲಿ ಎಷ್ಟಿಳಿಯುತ್ತಿತ್ತು?

ಹೆಂಗಸರ ಮಾತನ್ನು ಬೇರೆಯಾಗಿಯೇ ಕೇಳಬೇಕು. ಗಂಡ, ಮಗ ಎದುರಿಗಿದ್ದರೆ ‘ನಮ್ಮನೇಲಿ ಅಂಥದ್ದೇನೂ ಇರಲಿಲ್ಲ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಹೆಂಗಸರೇ ಹೋಗಿ ಕೇಳಿದರೆ ಒಳ್ಳೆಯದು. ‘ಅವರು ಕುಡೀತಿದ್ರಾ?’ ಎಂಬುದು ಮೊದಲ ಪ್ರಶ್ನೆ ಆಗಬಾರದು. ‘ಬಟವಾಡೆ ದಿನ ಮನೆಗೆ ದುಡ್ಡು ಎಷ್ಟು ಬರ್ತಿತ್ತಕ್ಕಾ, ಸಂತೆಯಿಂದ ಏನೇನು ತರ್ತಿದ್ರಿ?’ ಎಂದು ಶುರು ಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಎಸ್ಟೇಟಿನ ಆಳುಗಳ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ದಿನವಿಡೀ ಮಳೆಯಲ್ಲಿ ನೆನೆದು ದುಡಿದ ಹೆಂಗಸರೂ ಕುಡಿಯುತ್ತಿದ್ದರು. ಅದನ್ನು ಅವಮಾನದ ಮಾತಾಗಿಸದೆ ಕೇಳಿಸಿಕೊಳ್ಳುವ ಸಂಯಮ ಬೇಕು. ಅಂಗಡಿ ಮುಚ್ಚಿಸಲು ಧರಣಿ ಕೂತವರ ಕರಪತ್ರ, ಮನವಿಯ ಪ್ರತಿ, ಸಹಿ ಹಾಕಿದ ಹಾಳೆ ಇವೂ ಇದೇ ಚರಿತ್ರೆಯ ಕಾಗದಗಳು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅಲ್ಲಿಗೆ ನಿಮ್ಮ ಊರಿನಿಂದ ಹೋದವರು ಇದ್ದರೆ ಅವರ ಮಾತನ್ನೂ ಈ ಸಂಗ್ರಹದಲ್ಲೇ ಇಡಿ, ಬೇರೆ ಪೆಟ್ಟಿಗೆ ಮಾಡಬೇಡಿ.

ಒಪ್ಪಿಗೆ ಪತ್ರ ಒಂದೇ ಪುಟ, ಕನ್ನಡದಲ್ಲಿ, ಗಟ್ಟಿಯಾಗಿ ಓದಿ ಹೇಳುವಂತೆ ಇರಲಿ. ಮೂರು ಪ್ರಶ್ನೆ ಸಾಕು: ಹೆಸರು ಹಾಕಬಹುದೇ, ಧ್ವನಿ ಬೇರೆಯವರಿಗೆ ಕೇಳಿಸಬಹುದೇ, ಎಷ್ಟು ವರ್ಷ ಮುಚ್ಚಿಡಬೇಕು? ಓದಲು ಬಾರದವರ ಒಪ್ಪಿಗೆಯನ್ನು ರೆಕಾರ್ಡಿಂಗಿನ ಶುರುವಿನಲ್ಲೇ ಧ್ವನಿಯಲ್ಲಿ ಪಡೆಯಿರಿ. ಉದ್ರಿ ಪುಸ್ತಕದಲ್ಲಿರುವ ಸಾಲಗಾರರ ಹೆಸರುಗಳು ಪುಸ್ತಕ ಕೊಟ್ಟವರ ಸ್ವತ್ತಲ್ಲ. ಅವರ ಮೊಮ್ಮಕ್ಕಳು ಅದೇ ಬೀದಿಯಲ್ಲಿ ಇದ್ದಾರೆ. ಆ ಪುಟಗಳನ್ನು ಸ್ಕ್ಯಾನ್ ಮಾಡಿ, ಆದರೆ ಹೆಸರಿನ ಕಾಲಂ ಮುಚ್ಚಿದ ಪ್ರತಿಯನ್ನು ಮಾತ್ರ ಹೊರಗೆ ತೋರಿಸಿ.

ಕಾಗದ, ಫೋಟೋಗಳ ವಿಷಯದಲ್ಲಿ ನಮ್ಮ ಕಡೆಯ ಶತ್ರು ತೇವ. ಗಾಳಿಯ ತೇವಾಂಶ ಶೇಕಡ 65 ದಾಟಿ ಅಲ್ಲೇ ನಿಂತರೆ ಬೂಷ್ಟು ಹಿಡಿಯುತ್ತದೆ, ಮೂಡಿಗೆರೆ ಸಕಲೇಶಪುರಗಳಲ್ಲಿ ಮಳೆಗಾಲವಿಡೀ ಅದಕ್ಕಿಂತ ಹೆಚ್ಚೇ. ಬೂಷ್ಟು ಹಿಡಿದ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ, ಹಾಳೆ ಸೊಟ್ಟಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ ಕೂತು ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಒರೆಸಿ. ಒದ್ದೆಯಿದ್ದಾಗಲೇ ಉಜ್ಜಿದರೆ ಬೂಷ್ಟು ಹಾಳೆಯೊಳಗೆ ಇಳಿಯುತ್ತದೆ. ಹುಳು ಇದ್ದರೆ ಪುಸ್ತಕವನ್ನು ಗಟ್ಟಿ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಹಾಳೆಯ ಮೇಲೆ ನೀರು ಕೂರುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ. ಅದನ್ನು ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಬೇಡ, ಕೆಲವು ವರ್ಷಕ್ಕೆ ಟೇಪ್ ಉದುರಿ ಹಳದಿ ಕಲೆಯಷ್ಟೇ ಉಳಿಯುತ್ತದೆ.

ಬಾರಿನ ಬಿಲ್ಲುಗಳ ಬಗ್ಗೆ ಒಂದು ಮಾತು. ಈಚಿನವು ಶಾಖದಿಂದ ಅಚ್ಚಾಗುವ ಕಾಗದ, ಒಂದೆರಡು ವರ್ಷದಲ್ಲಿ ಬಿಳಿ ಹಾಳೆಯಾಗುತ್ತದೆ. ಪಿವಿಸಿ ಕವರಿನಲ್ಲಿ ಇಟ್ಟರೆ ಇನ್ನೂ ಬೇಗ. ಸಿಕ್ಕ ದಿನವೇ ಸ್ಕ್ಯಾನ್ ಮಾಡಿ.

ಫೋಟೋ ಪ್ರಿಂಟುಗಳನ್ನು 600 ಡಿಪಿಐನಲ್ಲಿ, ಟಿಫ್ ಆಗಿ ಸ್ಕ್ಯಾನ್ ಮಾಡಿ. ನಾಲ್ಕು ಬೈ ಆರು ಇಂಚಿನ ಪ್ರಿಂಟಿಗೆ ಸುಮಾರು 26 ಎಂಬಿ ಆಗುತ್ತದೆ. ಗೋಡೆಯ ಮೇಲಿನ ಫೋಟೋ ಫ್ರೇಮಿನ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಚಿತ್ರದ ಪದರ ಗಾಜಿನ ಮೇಲೆ ಉಳಿದು ಬಿಳಿ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ನೆರಳಿನಲ್ಲಿ, ಕಪ್ಪು ಬಟ್ಟೆ ಅಡ್ಡ ಹಿಡಿದು ಫೋಟೋ ತೆಗೆಯಿರಿ. ಯಾವ ಫೋಟೋದಲ್ಲಿ ಅಂಗಡಿ ಸಿಗುತ್ತದೆ? ಅಂಗಡಿಯದೇ ಫೋಟೋ ಯಾರೂ ತೆಗೆಸಿರುವುದಿಲ್ಲ. ಊರ ಜಾತ್ರೆಯ ತೇರು, ಮದುವೆಯ ದಿಬ್ಬಣ, ಚುನಾವಣೆಯ ಮೆರವಣಿಗೆಯ ಫೋಟೋಗಳ ಹಿನ್ನೆಲೆ ನೋಡಿ. ಬೋರ್ಡಿನ ಅರ್ಧ ಅಕ್ಷರ ಕಂಡರೂ ಜಾಗ ಸಿಕ್ಕಂತೆ.

ತಗಡಿನ ಬೋರ್ಡು ಸಿಕ್ಕಿದರೆ ಸೋಪು ಹಾಕಿ ತೊಳೆಯುವ ಆಸೆ ತಡೆದುಕೊಳ್ಳಿ. ಕತ್ತಲ ಕೋಣೆಯಲ್ಲಿ ಒಂದು ಪಕ್ಕದಿಂದ ಟಾರ್ಚನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆದರೆ ಮೇಲಿನ ಬಣ್ಣದ ಅಡಿಯ ಹಳೆಯ ಅಕ್ಷರಗಳ ಅಂಚು ಏಳುತ್ತದೆ. ಕೆಳಮೂಲೆಯಲ್ಲಿ ಬರೆದ ಕಲಾವಿದರ ಸಹಿ ಇದ್ದರೆ ಅದು ದೊಡ್ಡ ಸುಳಿವು. ಅವರೇ ಬರೆದ ಬೇರೆ ಬೋರ್ಡುಗಳ ಜೊತೆ ಇಟ್ಟು ನೋಡಿದರೆ ಕಾಲ ಗೊತ್ತಾಗುತ್ತದೆ. ಖಾಲಿ ಸಾರಾಯಿ ಪ್ಯಾಕೆಟ್ ಸಿಕ್ಕರೆ ಬರೀ ನೀರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಎರಡು ಬಿಳಿ ಹಾಳೆಯ ನಡುವೆ ಚಪ್ಪಟೆಯಾಗಿ ಇಡಿ. ತುಂಬಿದ ಪ್ಯಾಕೆಟ್ ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಕಟ್ಟಡ ಉಳಿದಿದ್ದರೆ ಬೀಳುವ ಮೊದಲು ಅಳತೆ ತೆಗೆಯಿರಿ. ಇಬ್ಬರು, ಒಂದು 15 ಮೀಟರ್ ಟೇಪು, ಅರ್ಧ ದಿನ. ನಾಲ್ಕು ಗೋಡೆಯ ಉದ್ದ ಬರೆದುಕೊಂಡು ಬಂದರೆ ಮನೆಯಲ್ಲಿ ನಕ್ಷೆ ಕೂಡುವುದಿಲ್ಲ, ಹಳೆಯ ಕಟ್ಟಡದ ಮೂಲೆಗಳು ಮಟ್ಟವಾಗಿ ಇರುವುದಿಲ್ಲ. ಮೂಲೆಯಿಂದ ಮೂಲೆಗೆ ಕರ್ಣ ಅಳೆಯಲೇಬೇಕು. ಕೊಡುವ ಕಿಟಕಿ ನೆಲದಿಂದ ಎಷ್ಟು ಎತ್ತರ, ಸರಳುಗಳ ನಡುವೆ ಎಷ್ಟು ಸಂದು, ಹಿಂಬಾಗಿಲು ಯಾವ ಕೇರಿಯ ಕಡೆಗೆ ತೆರೆಯುತ್ತದೆ, ಇವನ್ನೂ ಗುರುತಿಸಿ. ಕೈ ಮಾತ್ರ ತೂರುವ ಕಿಟಕಿಗೂ ಒಳಗೆ ಬಂದು ಕೂರುವ ಬಾಗಿಲಿಗೂ ಇರುವ ವ್ಯತ್ಯಾಸ ಯಾವ ಕಡತದಲ್ಲೂ ಬರೆದಿಲ್ಲ.

ಫೈಲುಗಳಿಗೆ ಊರು, ದಿನಾಂಕ, ಕ್ರಮಸಂಖ್ಯೆ ಇರುವ ಹೆಸರು ಕೊಡಿ. ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಬೀರುವಿನಲ್ಲಿ ಐದು ವರ್ಷ ಮಲಗಿದ ಡಿಸ್ಕ್ ಏಳುತ್ತದೆ ಎಂಬ ಖಾತ್ರಿಯಿಲ್ಲ. ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಅದಕ್ಕೇ ಇಪ್ಪತ್ತು ಜನರನ್ನು ಒಟ್ಟಿಗೆ ಮಾತಾಡಿಸಿ ರಾಶಿ ಹಾಕಿಕೊಳ್ಳಬೇಡಿ. ಇಬ್ಬರ ಮಾತು ಬರೆದು ಮುಗಿಸಿ, ಮೂರನೆಯವರ ಮನೆಗೆ ಹೋಗಿ. ಬರೆದದ್ದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಅವರಿಗೇ ಓದಿ ಹೇಳಿ. ಆಗ ತಿದ್ದುತ್ತಾರೆ, ‘ಇದು ಬೇಡ’ ಎನ್ನುತ್ತಾರೆ, ಮರೆತದ್ದನ್ನು ಸೇರಿಸುತ್ತಾರೆ. ಆ ತಿದ್ದಿದ ಪ್ರತಿಯೇ ಪತ್ರಾಗಾರಕ್ಕೆ ಹೋಗಬೇಕಾದದ್ದು.

ಕೊನೆಯಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: ‘ನಮ್ಮೂರಲ್ಲಿ ಕಂಟ್ರಾಕ್ಟರೂ ಇಲ್ಲ, ಗಲ್ಲಾದವರೂ ಇಲ್ಲ, ಕಟ್ಟಡವೂ ಇಲ್ಲ. ಎಲ್ಲಿಂದ ಶುರು ಮಾಡೋದು?’

ಅಂಗಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಬೇಯಿಸಿದ ಮೊಟ್ಟೆ, ಹುರಿದ ಕಡ್ಲೆ, ಮೀನು, ಬೋಟಿ ಮಾರುತ್ತಿದ್ದವರನ್ನು ಹುಡುಕಿ. ಹೆಚ್ಚಿನವರು ಹೆಂಗಸರು. ಅವರು ಕುಡಿಯುತ್ತಿರಲಿಲ್ಲ, ಮಧ್ಯಾಹ್ನದಿಂದ ರಾತ್ರಿವರೆಗೆ ಅದೇ ಬಾಗಿಲ ಎದುರು ಕೂತಿದ್ದರು. ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಯಾರ ಮನೆಯಿಂದ ಮಕ್ಕಳು ಹುಡುಕಿಕೊಂಡು ಬಂದರು ಎಂಬುದೆಲ್ಲ ಅವರಿಗೆ ಗೊತ್ತು. ಮೊಟ್ಟೆಗೆ ಆಗ ಎಷ್ಟು ಕಾಸಿತ್ತು ಎಂದು ಕೇಳಿ, ಅಲ್ಲಿಂದ ಮಾತು ಮುಂದುವರಿಯುತ್ತದೆ.